ಮಾತು ಮೊದಲು, ಮಳಿಗೆ ಆಮೇಲೆ

ಕೇಳುಗರಿಗೆ ನಮಸ್ಕಾರ.

ಸೇವಾ ಸಹಕಾರಿ ಸಂಘಗಳ ಪದಾಧಿಕಾರಿಗಳು, ಮೀನುಗಾರರ ಸಂಘದವರು, ಕಾಲೇಜುಗಳಲ್ಲಿ ವಿಚಾರ ಸಂಕಿರಣ ನಡೆಸುವ ಮೇಷ್ಟ್ರುಗಳು ಇವತ್ತು ಸ್ವಲ್ಪ ಕಿವಿಗೊಡಬೇಕು. ತಾಂತ್ರಿಕ ಗೋಷ್ಠಿಯನ್ನು ಯಂತ್ರ ಮೇಳದ ಜೊತೆಗೇ ಇಡಬೇಕೋ, ಬೇರೆ ದಿನ ಇಡಬೇಕೋ ಎಂಬ ಚರ್ಚೆಯಲ್ಲಿ ಎಷ್ಟೋ ಸಂಘಗಳ ಸಭೆ ಸಂಜೆಯವರೆಗೂ ಎಳೆಯುತ್ತದೆ. ಅಷ್ಟು ಎಳೆಯುವಂಥದ್ದು ಅದರಲ್ಲಿ ಏನೂ ಇಲ್ಲ. ಒಂದೇ ಊರು, ಒಂದೇ ದಿನ, ಒಂದೇ ಮೈದಾನ ಇರಲಿ. ಒಂದೇ ಹೊತ್ತು ಮಾತ್ರ ಬೇಡ. ಮಾತು ಮುಗಿಯಲಿ, ಆಮೇಲೆ ಮಳಿಗೆ ತೆರೆಯಲಿ.

ಒಂದೇ ದಿನ ಯಾಕೆ? ಸಿದ್ದಾಪುರದ ಒಳಹಳ್ಳಿಯಿಂದಲೋ ಜೋಯಿಡಾದಿಂದಲೋ ಶಿರಸಿಗೆ ಬರುವವರಿಗೆ ಬಸ್ಸಿನಲ್ಲೇ ದಿನ ಕಳೆಯುತ್ತದೆ. ಗೋಷ್ಠಿಗೊಮ್ಮೆ, ಮೇಳಕ್ಕೊಮ್ಮೆ ಬನ್ನಿ ಎಂದರೆ ಅವರು ಮೇಳಕ್ಕೆ ಮಾತ್ರ ಬರುತ್ತಾರೆ. ಗೋಷ್ಠಿಯ ಕುರ್ಚಿ ತುಂಬಿಸಲು ಕಾಲೇಜಿನ ಮಕ್ಕಳನ್ನು ಕರೆತಂದು ಕೂರಿಸಬೇಕಾಗುತ್ತದೆ. ಪಾಪ, ಆ ಮಕ್ಕಳಿಗೆ ಅಡಿಕೆಯ ಕೊಳೆ ರೋಗದ ಗೊಡವೆ ಯಾಕೆ? ಇನ್ನು ದುಡ್ಡಿನ ಮಾತು. ಪೆಂಡಾಲು, ಮೈಕು, ಊಟದ ಖರ್ಚು ಮಳಿಗೆಗಳ ಬಾಡಿಗೆಯಿಂದ ಹುಟ್ಟುತ್ತದೆ. ಗೋಷ್ಠಿ ಒಂದರಿಂದ ಹುಟ್ಟುವುದಿಲ್ಲ.

ಒಂದೇ ಹೊತ್ತು ಯಾಕೆ ಬೇಡ? ಕರೆಯೋಲೆಯಲ್ಲಿ ಗೋಷ್ಠಿಯೂ ಹತ್ತು ಗಂಟೆಗೆ, ಮಳಿಗೆಯೂ ಹತ್ತು ಗಂಟೆಗೆ ಎಂದಿರುತ್ತದೆ. ಮೊದಲ ಭಾಷಣದ ನಡುವೆ ಒಬ್ಬರು ಕವಳ ಹಾಕಲು ಮೆಲ್ಲಗೆ ಎದ್ದು ಹೊರಗೆ ಹೋಗುತ್ತಾರೆ. ಅಲ್ಲಿ ಅಡಿಕೆ ಸುಲಿಯುವ ಯಂತ್ರ ಗಡಗಡ ಎನ್ನುತ್ತಿದೆ, ಅದರ ಬಾಯಿಂದ ಅಡಿಕೆ ಉದುರುತ್ತಿದೆ. ಅವರು ವಾಪಸ್ ಬರುವುದಿಲ್ಲ. ಕರೆಯಲು ಹೋದ ಇನ್ನೊಬ್ಬರೂ ಬರುವುದಿಲ್ಲ. ಪಾಯಸ ಮೊದಲು ಬಡಿಸಿ ಆಮೇಲೆ ಕೋಸಂಬರಿ ತಂದರೆ ಯಾರು ಮುಟ್ಟುತ್ತಾರೆ? ಕೇಳುಗರ ಶಿಸ್ತನ್ನು ಬೈದು ಪ್ರಯೋಜನವಿಲ್ಲ, ತಪ್ಪಿರುವುದು ವೇಳಾಪಟ್ಟಿಯಲ್ಲಿ.

ಮಾತು ಮೊದಲಾದರೆ ಲಾಭ ಏನೆಂಬುದಕ್ಕೆ ಕಾರ್ಬನ್ ಫೈಬರ್ ದೋಟಿಯನ್ನೇ, ಅಂದರೆ ಅಡಿಕೆ ಕೊಯ್ಯುವ ಉದ್ದನೆಯ ಕೋಲನ್ನೇ ನೋಡಿ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು ಸಿಗದ ಈ ಕಾಲದಲ್ಲಿ, ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಮದ್ದು ಹೊಡೆಯಬಹುದು. ಮಳಿಗೆಯವನು ಉದ್ದ ಹೇಳುತ್ತಾನೆ, ತೂಕ ಹೇಳುತ್ತಾನೆ, ರಿಯಾಯಿತಿ ಹೇಳುತ್ತಾನೆ. ಕಾರ್ಬನ್ ಫೈಬರ್ ವಿದ್ಯುತ್ ಹರಿಸುವ ವಸ್ತು ಎಂಬುದನ್ನು ಅವನು ತಾನಾಗಿ ಹೇಳುವುದು ಕಷ್ಟ. ತೋಟದ ಮೇಲೆ ಕರೆಂಟಿನ ತಂತಿ ಹಾದಿದ್ದರೆ ಆ ದೋಟಿ ಹಿಡಿದವರ ಜೀವಕ್ಕೇ ಅಪಾಯ. ಇದನ್ನು ವೇದಿಕೆಯ ಮೇಲೆ ನಿಂತವರು ಹೇಳಬೇಕು, ಅದೂ ಕೊಳ್ಳುವ ಮೊದಲು.

ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣವೂ ಹಾಗೆಯೇ. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕದಡಬೇಕು. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಹಿಡಿದಿದ್ದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಿ. ಗೋಷ್ಠಿಯಲ್ಲಿ ಈ ಚಾಕುವಿನ ಪರೀಕ್ಷೆ ಕಣ್ಣಾರೆ ಕಂಡವರು ಮಳಿಗೆಯಲ್ಲಿ ಸುಣ್ಣದ ಚೀಲ ಬಿಚ್ಚಿಸಿ ನೋಡುತ್ತಾರೆ, ತಾಜಾ ಹೌದೋ ಅಲ್ಲವೋ ಎಂದು ಕೇಳುತ್ತಾರೆ. ನೋಡದವರು ಬಣ್ಣದ ಪೊಟ್ಟಣ ಹಿಡಿದು ಮನೆಗೆ ಹೋಗುತ್ತಾರೆ.

ಇಲ್ಲಿ ಒಂದು ಪ್ರಸಂಗ ಹೇಳದೆ ಮುಂದೆ ಹೋಗಲಾಗದು. 1968ರ ಡಿಸೆಂಬರ್ 9, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ. ಕಂಪ್ಯೂಟರ್ ತಜ್ಞರ ದೊಡ್ಡ ಸಮ್ಮೇಳನ, ಅದರ ಜೊತೆಗೆ ಕಂಪನಿಗಳ ಯಂತ್ರ ಪ್ರದರ್ಶನವೂ ಇತ್ತು. ಆಗಿನ ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರ. ರಂಧ್ರ ಹೊಡೆದ ಕಾರ್ಡು ಕೊಟ್ಟು ಉತ್ತರಕ್ಕೆ ಕಾಯುವ ಕಾಲ. ಸುಮಾರು ಸಾವಿರ ಜನ ಸಭಾಂಗಣದಲ್ಲಿ ಕೂತಿದ್ದಾರೆ. ವೇದಿಕೆಯ ಬದಿಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಸಂಶೋಧಕರು. ಕೈಯಲ್ಲಿ ತಂತಿ ಕಟ್ಟಿದ ಪುಟ್ಟ ಡಬ್ಬಿ. ಅದನ್ನು ಸರಿಸಿದಂತೆ ಹಿಂದಿನ ದೊಡ್ಡ ಪರದೆಯ ಮೇಲೆ ಒಂದು ಚುಕ್ಕೆ ಸರಿಯುತ್ತದೆ. ಇವತ್ತು ಪ್ರತಿ ಮೇಜಿನ ಮೇಲಿರುವ ಮೌಸ್ ಅದು. ಅಷ್ಟು ಜನರ ಮುಂದೆ ಬಂದದ್ದು ಅದೇ ಮೊದಲು. ಅವರು ಮಾಡಿ ತೋರಿಸಿದ್ದೇನು ಗೊತ್ತೇ? ಮನೆಗೆ ತರಬೇಕಾದ ಸಾಮಾನಿನ ಪಟ್ಟಿ! ಬಾಳೆಹಣ್ಣು, ಕ್ಯಾರೆಟ್ಟು ಎಂದು ಬರೆದರು, ಹಿಂದುಮುಂದು ಮಾಡಿದರು, ವಿಂಗಡಿಸಿದರು. ಪದವೊಂದನ್ನು ಒತ್ತಿದರೆ ಅದಕ್ಕೆ ಸಂಬಂಧಿಸಿದ ಇನ್ನೊಂದು ಪುಟ ತೆರೆಯಿತು. ಕಂಪ್ಯೂಟರು ಅಲ್ಲಿರಲೇ ಇಲ್ಲ, ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿತ್ತು. ನಮ್ಮ ಲೆಕ್ಕದಲ್ಲಿ ಸರಿಸುಮಾರು ಶಿರಸಿ–ಯಲ್ಲಾಪುರದಷ್ಟು ದೂರ. ಅಲ್ಲಿ ಕೂತ ಸಹೋದ್ಯೋಗಿಯ ಮುಖ ಪರದೆಯ ಮೇಲೆ ಮೂಡಿತು, ಇಬ್ಬರೂ ಮಾತಾಡುತ್ತಾ ಒಂದೇ ಬರಹವನ್ನು ತಿದ್ದಿದರು. 1968ರಲ್ಲಿ! ತೊಂಬತ್ತು ನಿಮಿಷ ನಡೆಯಿತು. ಮುಗಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಈಗ ಯೋಚಿಸಿ. ಇದೇ ಪ್ರಯೋಗ ಒಂದು ಮಳಿಗೆಯಲ್ಲಿ ನಡೆದಿದ್ದರೆ ತೊಂಬತ್ತು ನಿಮಿಷ ಯಾರು ನಿಲ್ಲುತ್ತಿದ್ದರು? ಎಂಗೆಲ್‌ಬಾರ್ಟ್ ಬಳಿ ಮಾರಲು ಏನೂ ಇರಲಿಲ್ಲ, ಹಂಚಲು ಚೀಲವೂ ಇರಲಿಲ್ಲ. ಮೆಕಿಂತೋಷ್ ಕಂಪ್ಯೂಟರಿನ ಜೊತೆ ಮೌಸ್ ಜನಸಾಮಾನ್ಯರಿಗೆ ಪರಿಚಯವಾದದ್ದು 1984ರಲ್ಲಿ. ಹದಿನೈದು ವರ್ಷ ಆಚೆಗೆ ಬೇಕಾಗುವ ವಿಷಯಕ್ಕೆ ಕುರ್ಚಿ ಬೇಕು, ಬಾಗಿಲು ಬೇಕು, ಬೇರೆ ಸದ್ದಿಲ್ಲದ ಹೊತ್ತು ಬೇಕು.

ಇದರ ಉತ್ತರಾರ್ಧ ಅಷ್ಟು ಚಂದವಿಲ್ಲ. ಆ ಸರಣಿಯ ಸಮ್ಮೇಳನಗಳು 1973ರಿಂದ ರಾಷ್ಟ್ರೀಯ ಕಂಪ್ಯೂಟರ್ ಸಮ್ಮೇಳನ ಎಂದಾದವು. ಪ್ರದರ್ಶನ ಬೆಳೆಯಿತು, ಖರ್ಚೆಲ್ಲ ಅದರ ಬಾಡಿಗೆಯ ಮೇಲೆ ನಿಂತಿತು. 1979ರಲ್ಲಿ ವ್ಯಾಪಾರಕ್ಕೇ ಮೀಸಲಾದ ಕಾಮ್‌ಡೆಕ್ಸ್ ಮೇಳ ಹುಟ್ಟಿತು, ಮಾರಾಟಗಾರರು ಅತ್ತ ವಾಲಿದರು. 1987ರ ಸಮ್ಮೇಳನವೇ ಕೊನೆಯದು. ಹಾಗಾಗಿ ಮಳಿಗೆಯ ದುಡ್ಡು ಪೆಂಡಾಲಿಗೆ, ಊಟಕ್ಕೆ ಹೋಗಲಿ. ಭಾಷಣಕಾರರ ಪ್ರಯಾಣ, ವಸತಿಯ ಹಣವನ್ನು ಸಂಘ ತನ್ನ ಕೈಯಿಂದಲೇ ತೆಗೆದಿಡಲಿ. ಯಾವ ಕಂಪನಿ ಬರಲಿ, ಬಿಡಲಿ, ಗೋಷ್ಠಿ ನಿಲ್ಲಬಾರದು.

ನಮ್ಮ ರಾಜ್ಯದಲ್ಲೇ ಇದನ್ನು ಸರಿಯಾಗಿ ಮಾಡುವವರಿದ್ದಾರೆ. ಯಲಹಂಕದಲ್ಲಿ ವರ್ಷ ಬಿಟ್ಟು ವರ್ಷ ನಡೆಯುವ ಏರೋ ಇಂಡಿಯಾಕ್ಕೆ ಹೊಂದಿಕೊಂಡು ವೈಮಾನಿಕ ತಜ್ಞರ ಅಂತರರಾಷ್ಟ್ರೀಯ ಸಂಕಿರಣವಿದೆ. ವಿಮಾನಗಳು ಹಾರಾಟಕ್ಕೆ ಏಳುವ ಮೊದಲೇ ಅದನ್ನು ಮುಗಿಸುವ ಪದ್ಧತಿ. ತಲೆಯ ಮೇಲೆ ತೇಜಸ್ ಹಾರುತ್ತಿರುವಾಗ ಪ್ರಬಂಧ ಓದುವುದು ಯಾರಿಗೆ ಬೇಕು?

ಸಮಯ ಓಡುತ್ತಿದೆ. ನಮ್ಮಲ್ಲಿ ಮಾಡುವ ಬಗೆ ಹೇಳಿಬಿಡುತ್ತೇನೆ. ಒಂಬತ್ತೂವರೆಗೆ ಗೋಷ್ಠಿ ಶುರು, ಹನ್ನೆರಡೂವರೆಗೆ ಮುಕ್ತಾಯ. ನಾಲ್ಕು ಭಾಷಣ ಸಾಕು. ತಲಾ ಅರ್ಧ ಗಂಟೆ ಮಾತು, ಹದಿನೈದು ನಿಮಿಷ ಪ್ರಶ್ನೆ. ಒಂಬತ್ತು ಜನರನ್ನು ಕರೆದು ಎಲ್ಲರಿಗೂ ‘ಚುಟುಕಾಗಿ’ ಎಂದು ಚೀಟಿ ಕಳಿಸುವುದು ಬೇಡ. ಮಳಿಗೆಗಳ ಸಾಲಿಗೆ ಅಲ್ಲಿಯವರೆಗೆ ಹಗ್ಗ ಕಟ್ಟಿರಲಿ. ಮಳಿಗೆಯವರು ತಕರಾರು ತೆಗೆಯುತ್ತಾರೆ, ಖಂಡಿತ. ಅದಕ್ಕೇ ಬಾಡಿಗೆಯ ಅರ್ಜಿಯಲ್ಲೇ ತೆರೆಯುವ ಸಮಯ ಅಚ್ಚು ಹಾಕಿಸಿ, ಸಹಿ ತೆಗೆದುಕೊಳ್ಳಿ.

ಉದ್ಘಾಟನೆಯನ್ನು ಬೆಳಿಗ್ಗೆ ಇಡಲೇಬೇಡಿ. ಅತಿಥಿಗಳು ದೇವಿಮನೆ ಘಾಟಿಯಲ್ಲಿ ಸಿಕ್ಕಿಕೊಂಡರೆ ಗೋಷ್ಠಿಯ ಎರಡು ಭಾಷಣ ಅಲ್ಲಿಗೇ ಹೋದವು. ಹನ್ನೆರಡೂವರೆಗೆ ಮಳಿಗೆಗಳ ಹಗ್ಗ ಬಿಚ್ಚುವುದೇ ಉದ್ಘಾಟನೆಯಾಗಲಿ. ಅತಿಥಿಗಳು ತಡವಾದರೆ ಕಾಯುವವರು ಮಳಿಗೆಯವರು, ಕೇಳುಗರಲ್ಲ. ಹಾರ, ಶಾಲು, ಸ್ಮರಣಿಕೆ ಎಲ್ಲ ಆಗಲೇ.

ಮಾತು ಮುಗಿದ ಮೇಲೆ ಮಳಿಗೆ ಎಂದೆನಲ್ಲ, ಭಾಷಣಕಾರರೂ ಮಧ್ಯಾಹ್ನ ಎರಡು ತಾಸು ಮಳಿಗೆಗಳ ನಡುವೆ ತಿರುಗಲಿ. ವೇದಿಕೆಯ ಮೇಲೆ ಕೇಳಲು ಸಂಕೋಚಪಟ್ಟವರು ಅಲ್ಲಿ ಕೇಳುತ್ತಾರೆ.

ಗೋಷ್ಠಿ ಎರಡನೇ ದಿನಕ್ಕೂ ಮುಂದುವರಿದು, ಆಗ ಮಳಿಗೆಗಳೂ ತೆರೆದಿದ್ದರೆ ಸದ್ದಿನ ಲೆಕ್ಕ ನೋಡಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಹತ್ತು ಮೀಟರಿನಲ್ಲಿದ್ದ ಯಂತ್ರವನ್ನು ಎಂಬತ್ತು ಮೀಟರಿಗೆ ಸರಿಸಿದರೆ 18 ಡೆಸಿಬೆಲ್ ಕಡಿಮೆ. ಬಟ್ಟೆಯ ಪರದೆ ಕಟ್ಟಿದರೆ ಏನೂ ಆಗುವುದಿಲ್ಲ. ಮೈಕಿಗೆ ಪ್ರತ್ಯೇಕ ಜನರೇಟರು ಇರಲಿ. 2 ಎಚ್‌ಪಿಯ ಐದು ಯಂತ್ರ ಎಂದರೆ ಏಳೂವರೆ ಕಿಲೋವ್ಯಾಟ್ ಅಷ್ಟೇ ಎಂದು ಲೆಕ್ಕ ಹಾಕುತ್ತಾರೆ. ಮೋಟಾರು ಚಾಲೂ ಆಗುವ ಕ್ಷಣ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಐದನ್ನೂ ಒಟ್ಟಿಗೆ ಒತ್ತಿದರೆ ಮೈಕೇ ಸಾಯುತ್ತದೆ. ಒಂದಾದ ಮೇಲೊಂದು ಚಾಲೂ ಮಾಡಿಸಿ.

ದಿನಾಂಕ: ಘಟ್ಟದ ಮೇಲೆ ಕೊನೆಕೊಯ್ಲು ಮುಗಿದ ಮೇಲೆ, ಮಳೆಗಾಲದ ಮೊದಲ ಮದ್ದು ಹೊಡೆಯುವ ಮುಂಚೆ. ಮಾರ್ಚ್ ಕೊನೆ ಬೇಡ, ಸಹಕಾರ ಸಂಘಗಳಿಗೆ ಲೆಕ್ಕ ಮುಗಿಸುವ ಗಡಿಬಿಡಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಂತೂ ಬೇಡವೇ ಬೇಡ. ಕಾರವಾರ, ಅಂಕೋಲಾ, ಹೊನ್ನಾವರದ ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳು ದಡದಲ್ಲಿರುವ ನಿಷೇಧದ ಕಾಲ. ಎಂಜಿನು, ಬಲೆ, ಜಿಪಿಎಸ್ ಕೊಳ್ಳುವ ಯೋಚನೆಯೂ ಆಗಲೇ. ಮಳೆಯಿರುವುದರಿಂದ ಪೆಂಡಾಲನ್ನು ನಂಬಬೇಡಿ, ಕಟ್ಟಡದೊಳಗೇ ಮಾಡಿ.

ದೋಟಿಯ ಮಳಿಗೆಗೆ ಮೈದಾನದಲ್ಲಿ ಯಾವ ತಂತಿಯೂ ಹಾಯದ ಮೂಲೆ ಕೊಡಿ. ದೋಟಿಯ ಪೂರ್ತಿ ಉದ್ದ ಅಳೆದು, ಅದರ ಎರಡರಷ್ಟು ದೂರ ಸುತ್ತ ಖಾಲಿ ಬಿಡಿಸಿ.

ನಮಸ್ಕಾರ.