ಖಿನ್ನತೆಯ ಮಾತ್ರೆಗೆ ವಯಸ್ಸು ಯಾಕೆ ಮುಖ್ಯ?

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಕೇಳಿದ್ದರು: "ಅಮ್ಮ ಡಿಪ್ರೆಶನ್‌ಗೆ ತಗೊಳ್ಳೋ ಮಾತ್ರೆಯನ್ನೇ ಡಾಕ್ಟರ್ 15 ವರ್ಷದ ನನ್ನ ತಮ್ಮನಿಗೂ ಬರೆದಿದ್ದಾರೆ. ಇಬ್ಬರ ತಲೆಯೊಳಗೂ ಅದರ ಕೆಲಸ ಒಂದೇನಾ?" ಉತ್ತರ ಹುಡುಕುತ್ತಾ ಹೋದರೆ ಎಲ್ಲೆಲ್ಲೂ ಇಲಿಗಳೇ ಸಿಕ್ಕವು. ಹಾಗಾಗಿ ಇವತ್ತು ಇಲಿ ಜಾಸ್ತಿ, ಮನುಷ್ಯ ಕಡಿಮೆ.

ಬೇಸಿಕ್ಸ್ ಬೇಗ ಮುಗಿಸೋಣ. ಫ್ಲುಯೊಕ್ಸೆಟಿನ್, ಸರ್ಟ್ರಲಿನ್, ಎಸ್ಸಿಟಲೊಪ್ರಾಮ್ ಎಲ್ಲವೂ ಎಸ್‌ಎಸ್‌ಆರ್‌ಐ ಎಂಬ ಖಿನ್ನತೆಯ ಮಾತ್ರೆಗಳ ಗುಂಪಿನವು. ನರಕೋಶ ಹೊರಗೆ ಬಿಟ್ಟ ಸೆರೊಟೋನಿನ್ ಎಂಬ ರಾಸಾಯನಿಕ ವಾಪಸ್ ಒಳಗೆ ಹೋಗದಂತೆ ತಡೆಯುತ್ತವೆ. ಮಗುವಿನಲ್ಲೂ ಅಷ್ಟೇ, ಅಜ್ಜಿಯಲ್ಲೂ ಅಷ್ಟೇ. ಬೇರೆಯಾಗುವುದು ಆ ಸೆರೊಟೋನಿನ್ ಮಾಡುವ ಕೆಲಸ.

ದೊಡ್ಡವರಲ್ಲಿ ಅದು ಸಂದೇಶ ಸಾಗಿಸುತ್ತದೆ. ಬೆಳೆಯುತ್ತಿರುವ ಮಿದುಳಿನಲ್ಲಿ ಇನ್ನೊಂದು ಡ್ಯೂಟಿಯೂ ಇದೆ: ಯಾವ ನರ ಎಲ್ಲಿಗೆ ಹೋಗಬೇಕು, ಎಷ್ಟು ಕವಲೊಡೆಯಬೇಕು ಎಂದು ದಾರಿ ತೋರಿಸುವುದು. ಮನೆ ಕಟ್ಟಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಮೋಲ್ಡ್ ಹಾಕುವ ದಿನ ವೈರಿಂಗ್ ಪೈಪ್ ಒಂದಡಿ ಸರಿದರೆ ಮುಗೀತು, ಫ್ಯಾನ್ ಇದ್ದ ಕಡೆ ಮಂಚ ಎಳೆದುಕೊಳ್ಳಬೇಕು. ಗೃಹಪ್ರವೇಶ ಆದಮೇಲೆ ರೆಗ್ಯುಲೇಟರ್ ತಿರುಗಿಸುವ ವಿಷಯವೇ ಬೇರೆ.

2004ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಮರಿ ಸುಂಡಿಲಿಗಳಿಗೆ ಹುಟ್ಟಿದ 4ನೇ ದಿನದಿಂದ 21ನೇ ದಿನದವರೆಗೆ ಫ್ಲುಯೊಕ್ಸೆಟಿನ್ ಕೊಟ್ಟರು. ಆಮೇಲೆ ನಿಲ್ಲಿಸಿದರು. ಆ ಮರಿಗಳು ದೊಡ್ಡವಾದಾಗ ಹೊಸ ಜಾಗದಲ್ಲಿ ಓಡಾಡಲು ಹಿಂಜರಿದವು, ತಿಂಡಿ ಇಟ್ಟರೂ ಹತ್ತಿರ ಹೋಗಲು ತಡಮಾಡಿದವು. ಆತಂಕ ಕಡಿಮೆ ಮಾಡಬೇಕಾದ ಔಷಧ ಆತಂಕವನ್ನೇ ತಂದಿಟ್ಟಿತ್ತು!

ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ವಿದಿತಾ ವೈದ್ಯ ಅವರ ತಂಡ ಇನ್ನೂ ಮಜವಾದದ್ದನ್ನು ಕಂಡಿತು. ಇಲಿಗೆ ಅದೇ ಫ್ಲುಯೊಕ್ಸೆಟಿನ್ ಅನ್ನು ಹುಟ್ಟಿದ 2ರಿಂದ 21ನೇ ದಿನದವರೆಗೆ ಕೊಟ್ಟರೆ ದೊಡ್ಡದಾದ ಮೇಲೆ ಆತಂಕ ಜಾಸ್ತಿ. 28ರಿಂದ 48ನೇ ದಿನದವರೆಗೆ ಕೊಟ್ಟರೆ ಆತಂಕ ಕಡಿಮೆ. ನಡುವೆ ಇರುವುದು ಒಂದು ವಾರ, ಫಲ ಪೂರ್ತಿ ಉಲ್ಟಾ.

ಈಗ ನನ್ನ ಫೇವರಿಟ್. ಸ್ವಲ್ಪ ಹೊತ್ತು ಇಲ್ಲೇ ಇರೋಣ.

(ತೆರೆಯ ಮೇಲೆ: ಇಲಿಯ ಎರಡು ಕಣ್ಣು, ಒಂದು ಮುಚ್ಚಿದೆ)

ಮರಿಯಿದ್ದಾಗ ಇಲಿಯ ಒಂದು ಕಣ್ಣನ್ನು ಮುಚ್ಚಿಟ್ಟರೆ ಮಿದುಳು ಆ ಕಣ್ಣನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಮಕ್ಕಳಲ್ಲಿ ಇದಕ್ಕೆ ಲೇಜಿ ಐ ಅಂತಾರಲ್ಲ, ಅದೇ. ದೊಡ್ಡದಾದ ಮೇಲೆ ತೆರೆದರೂ ದೃಷ್ಟಿ ಮಂದ. ಸಮಯ ಮೀರಿತು ಎಂದೇ ಎಲ್ಲರೂ ನಂಬಿದ್ದರು. 2008ರಲ್ಲಿ ಇಟಲಿಯ ಪೀಸಾದಲ್ಲಿ ಇಂಥ ದೊಡ್ಡ ಇಲಿಗಳ ಕುಡಿಯುವ ನೀರಿಗೆ ಫ್ಲುಯೊಕ್ಸೆಟಿನ್ ಬೆರೆಸಿದರು. ಚೆನ್ನಾಗಿದ್ದ ಕಣ್ಣನ್ನು ಮುಚ್ಚಿ, ಮಂದ ಕಣ್ಣನ್ನು ಕೆಲಸಕ್ಕೆ ಹಚ್ಚಿದರು. ದೃಷ್ಟಿ ವಾಪಸ್ ಬಂತು! ಗಮನಿಸಿ, ಇದು ಖಿನ್ನತೆಯ ಮಾತ್ರೆ. ಬೆಳೆದು ಗಟ್ಟಿಯಾದ ಮಿದುಳಿಗೆ ಅದು ಎಳೆತನದ, ಅಂದರೆ ಸುಲಭವಾಗಿ ಬದಲಾಗುವ ಗುಣದ, ಒಂದು ಪಾಲನ್ನು ವಾಪಸ್ ಕೊಟ್ಟಿತ್ತು. ಎಳೆಯ ಮಿದುಳಿಗೆ ಆ ಎಳೆತನ ಮೊದಲೇ ಬೇಕಾದಷ್ಟಿದೆ. ವ್ಯತ್ಯಾಸದ ಗುಟ್ಟು ಅಲ್ಲೇ ಇದೆ ಅಂತ ನನಗನಿಸುತ್ತದೆ. (ಕನ್ನಡಕ ಬಿಸಾಡಬೇಡಿ. ಲೇಜಿ ಐ ಇದ್ದ ದೊಡ್ಡವರ ಮೇಲೆ ಆಮೇಲೆ ನಡೆದ ಒಂದು ಪ್ರಯೋಗದಲ್ಲಿ ಔಷಧವೇ ಇಲ್ಲದ ಖಾಲಿ ಮಾತ್ರೆಗಿಂತ ಫ್ಲುಯೊಕ್ಸೆಟಿನ್ ಏನೂ ಹೆಚ್ಚಿಗೆ ಮಾಡಲಿಲ್ಲ.)

ಆ ತಮ್ಮನ ಕಥೆ? ಇಲಿಯ ಮೊದಲ ವಾರಗಳು ಮನುಷ್ಯರಲ್ಲಿ ಹೆಚ್ಚೂಕಮ್ಮಿ ಗರ್ಭದ ಕೊನೆಯ ತಿಂಗಳುಗಳು ಮತ್ತು ಹಸುಗೂಸಿನ ಕಾಲ. 15 ವರ್ಷದವನು ಅದನ್ನು ದಾಟಿಯಾಗಿದೆ. ಹಾಗಂತ ಅವನು ದೊಡ್ಡವನೂ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಮಕ್ಕಳ ಮೇಲೆ ನಡೆದ ಖಿನ್ನತೆಯ ಮಾತ್ರೆಗಳ 24 ಪ್ರಯೋಗಗಳನ್ನು ಒಟ್ಟುಹಾಕಿ ನೋಡಿತು. ಮಾತ್ರೆ ತಗೊಂಡ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನ ಕಂಡದ್ದು 4%, ಖಾಲಿ ಮಾತ್ರೆಯವರಲ್ಲಿ 2%. ಯಾರೂ ಸಾಯಲಿಲ್ಲ. ಮಾತ್ರೆಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು, 2007ರಲ್ಲಿ ಅದು 24 ವರ್ಷದವರೆಗೂ ವಿಸ್ತರಿಸಿತು. 65 ದಾಟಿದವರಲ್ಲಿ ಮಾತ್ರ ಅಪಾಯ ಕಡಿಮೆಯಾಗಿತ್ತು.

ಎಚ್ಚರಿಕೆ ಅಂದರೆ ನಿಷೇಧ ಅಲ್ಲ. 12ರಿಂದ 17 ವರ್ಷದ 439 ಮಕ್ಕಳ ಮೇಲಿನ ಅಮೆರಿಕದ ಅಧ್ಯಯನದಲ್ಲಿ ಫ್ಲುಯೊಕ್ಸೆಟಿನ್ ಜೊತೆ ಮಾತಿನ ಚಿಕಿತ್ಸೆಯೂ ಸಿಕ್ಕವರಲ್ಲಿ 71% ಸುಧಾರಿಸಿದರು. ಬರೀ ಮಾತ್ರೆಯಲ್ಲಿ 61%, ಖಾಲಿ ಮಾತ್ರೆಯಲ್ಲಿ 35%. ನಮ್ಮಲ್ಲಿ ಮಾತ್ರೆ ಸಿಗುವಷ್ಟು ಸುಲಭವಾಗಿ ಕೌನ್ಸೆಲಿಂಗ್ ಸಿಗುವುದಿಲ್ಲ, ಅದು ನನ್ನ ತಕರಾರು.

ಟೈಮ್ ಮುಗೀತಾ ಬಂತು, ಉಳಿದದ್ದು ಒಂದೇ ಉಸಿರಿನಲ್ಲಿ. ಗರ್ಭಿಣಿಯರು: ಮಾತ್ರೆಯಿಂದ ಮಗುವಿಗೆ ಆಟಿಸಂ ಬರುತ್ತದಾ ಎಂಬ ಭಯಕ್ಕೆ, 2017ರಲ್ಲಿ ಸ್ವೀಡನ್ ಮತ್ತು ಕೆನಡಾದಲ್ಲಿ ಒಡಹುಟ್ಟಿದವರನ್ನೇ ಹೋಲಿಸಿ ನೋಡಿದಾಗ ಆ ನಂಟು ಕಾಣಲಿಲ್ಲ. ಚಿಕಿತ್ಸೆ ಇಲ್ಲದ ಖಿನ್ನತೆಯೂ ತಾಯಿ ಮಗುವಿಗೆ ಒಳ್ಳೆಯದಲ್ಲ. ಹದಿಹರೆಯದವರು: ಶುರು ಮಾಡಿದ ಅಥವಾ ಡೋಸ್ ಬದಲಿಸಿದ ಮೊದಲ ವಾರಗಳಲ್ಲಿ ಚಡಪಡಿಕೆ, ನಿದ್ದೆಗೇಡು, ಸಿಡುಕು ಕಂಡರೆ ಕೂಡಲೇ ಡಾಕ್ಟರಿಗೆ ಹೇಳಿ. ನೀವಾಗಿಯೇ ದಿಢೀರ್ ನಿಲ್ಲಿಸಬೇಡಿ. ಮಾತಾಡಲು ಯಾರಾದರೂ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು.