ಮಳೆ ಸದ್ದಿಗೆ ಮೈ ನಡುಗಿದಾಗ

(ಮುಂಗಾರಿಗೆ ಮುನ್ನ ಕೊಡಗಿನ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. 2018ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ಹೇಳಲು ನಾನ್ಯಾರು? ಮಕ್ಕಂದೂರು, ಜೋಡುಪಾಲ ಅಂದರೆ ಸಾಕು. ಮರುವರ್ಷ ತೋರ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ. ಆಮೇಲೆ ಜಂಬೂರಿನಲ್ಲಿ, ಮದೆನಾಡಿನಲ್ಲಿ ಮನೆ ಕಳೆದುಕೊಂಡವರಿಗೆ ಹೊಸ ಮನೆಗಳೂ ಬಂದವು. ಆದರೆ ಜೂನ್‌ನ ಮೊದಲ ಜೋರು ಮಳೆಗೆ ಎದೆ ಹೊಡೆದುಕೊಳ್ಳುವವರು ಈಗಲೂ ಇದ್ದಾರೆ. ಅವರ ಮನೆಗೆ ಮೊದಲು ಹೋಗುವುದು ಡಾಕ್ಟರಲ್ಲ, ನೀವು. ಆ ಮೊದಲ ಅರ್ಧ ಗಂಟೆಯ ಬಗ್ಗೆ ಮಾತ್ರ ಇವತ್ತಿನ ಮಾತು.

ಒಬ್ಬ ಹೆಂಗಸು ಅಂತ ಇಟ್ಟುಕೊಳ್ಳಿ. ರಾತ್ರಿ ಎರಡು ಗಂಟೆ, ಶೀಟಿನ ಮೇಲೆ ಧೋ ಎಂದು ಮಳೆ, ಕರೆಂಟಿಲ್ಲ. (ನಡು ಮಳೆಗಾಲದ ಕಕ್ಕಡ ತಿಂಗಳಲ್ಲಿ ಮಳೆಯೂ ಕರೆಂಟೂ ಒಟ್ಟಿಗೆ ಇದ್ದ ರಾತ್ರಿ ಕಂಡವರಿದ್ದರೆ ಕೈ ಎತ್ತಿ. ಯಾರೂ ಇಲ್ಲ.) ಆಕೆ ಎದ್ದು ಕೂತು ನಡುಗುತ್ತಾಳೆ. ಅತ್ತೆ, “ಏನೂ ಆಗಲ್ಲ, ಧೈರ್ಯ ತಗೋ” ಅನ್ನುತ್ತಾರೆ. ನಡುಕ ನಿಲ್ಲುವುದಿಲ್ಲ. ಗಂಡ, “ಜೋರಾಗಿ ಉಸಿರು ಎಳ್ಕೊ” ಅನ್ನುತ್ತಾನೆ. ಎಳೆದುಕೊಳ್ಳುತ್ತಾಳೆ, ಮತ್ತೆ ಮತ್ತೆ. ಎರಡು ನಿಮಿಷದಲ್ಲಿ ಬೆರಳು ಜುಮುಗುಡುತ್ತದೆ, ತುಟಿ ಮರಗಟ್ಟುತ್ತದೆ, ತಲೆ ತಿರುಗುತ್ತದೆ. ಪಕ್ಕದ ಮನೆಯವರು ಬಂದು “ಹಾರ್ಟ್ ಅಟ್ಯಾಕ್ ಇರಬೇಕು” ಅನ್ನುತ್ತಾರೆ. ಇನ್ಯಾರೋ ಒಂದು ಚೊಂಬು ತಣ್ಣೀರು ತಂದು ಮುಖಕ್ಕೆ ಎರಚುತ್ತಾರೆ. ಆಗ ಆಕೆ ಕಿರುಚಿಕೊಳ್ಳುತ್ತಾಳೆ. ಎಲ್ಲರದೂ ಒಳ್ಳೆಯ ಮನಸ್ಸೇ. ಕೆಟ್ಟದ್ದು ಎಲ್ಲಿ?

ಮಿದುಳಿನಲ್ಲಿ ಅಮಿಗ್ಡಲಾ ಅಂತ ಒಂದು ಭಾಗವಿದೆ, ಅಪಾಯದ ಗಂಟೆ ಹೊಡೆಯುವುದು ಅದರ ಕೆಲಸ. ಅದು ಗಂಟೆ ಹೊಡೆದಾಗ ಅಡ್ರಿನಲಿನ್ ಮೈಗೆ ನುಗ್ಗುತ್ತದೆ, ಯೋಚಿಸುವ ಭಾಗ ಮಂಕಾಗುತ್ತದೆ. ಆ ಹೊತ್ತಿನಲ್ಲಿ “ಧೈರ್ಯ ತಗೋ” ಅನ್ನುವುದನ್ನು ಕೇಳಿಸಿಕೊಳ್ಳುವವರೇ ಒಳಗಿಲ್ಲ. ಅದಕ್ಕೇ ಹೇಳುತ್ತೇನೆ, ಮೈ ಮೊದಲು, ಮಾತು ಆಮೇಲೆ.

ಇನ್ನು ಉಸಿರು. ಜೋರಾಗಿ ಎಳೆದಷ್ಟೂ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಬೆರಳು ಜುಮುಗುಟ್ಟಿದ್ದು ಅದರಿಂದ. ಬೇಕಾದ್ದು ಉಸಿರು ನಿಧಾನವಾಗಿ ಬಿಡುವುದು. ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಒಳಕ್ಕೆ, ತುಟಿ ಚೂಪು ಮಾಡಿ ಆರು ಎಣಿಸುವಷ್ಟು ಹೊರಕ್ಕೆ. ನಿಮಿಷಕ್ಕೆ ಸುಮಾರು ಆರು ಸಲ, ಐದು ನಿಮಿಷ. ನಾಲ್ಕು-ಆರು ಕಷ್ಟವಾದರೆ ಮೂರು-ಐದು. ಹಿಡಿದಿಟ್ಟುಕೊಳ್ಳುವುದು ಬೇಡ. ಕಣ್ಣು ಮುಚ್ಚಿಸಬೇಡಿ, ಮುಚ್ಚಿದರೆ ಕಾಣುವುದು ಕುಸಿದ ಬರೆ, ಅಂದರೆ ಆ ಗುಡ್ಡದ ಇಳಿಜಾರೇ. ಮಣ್ಣಿನಡಿ ಸಿಕ್ಕಿ ಉಸಿರು ಕಟ್ಟಿದ್ದವರಿಗೆ ಉಸಿರಿನ ಕಡೆ ಗಮನ ಕೊಡುವುದೇ ಭಯ. ಅವರಿಗೆ ಉಸಿರಿನ ಮಾತೇ ಎತ್ತಬೇಡಿ, ಕೈಕಾಲಿಗೆ ಬನ್ನಿ.

ಕೈಕಾಲು ಅಂದರೆ ಹೀಗೆ. ಎರಡೂ ಅಂಗೈ ಗೋಡೆಗೆ ಇಟ್ಟು, ಗೋಡೆಯನ್ನೇ ದೂಡುವ ಹಾಗೆ ಹತ್ತು ಎಣಿಸುವವರೆಗೆ ಒತ್ತಬೇಕು, ಸಡಿಲ ಬಿಡಬೇಕು. ಐದು ಸಲ. ಹಿಮ್ಮಡಿಯನ್ನು ನೆಲಕ್ಕೆ ಒತ್ತಬೇಕು. ಓಡಲು ಸಿದ್ಧವಾದ ಸ್ನಾಯುಗಳಿಗೆ ಒಂದು ಕೆಲಸ ಸಿಗುತ್ತದೆ. ಕೆಲವರು ನಡುಗುವುದಿಲ್ಲ, ಮರಗಟ್ಟಿ ಎಲ್ಲೋ ನೋಡುತ್ತ ಕೂತುಬಿಡುತ್ತಾರೆ. “ಪಾಪ, ಸಮಾಧಾನವಾಗಿದ್ದಾರೆ” ಅಂದುಕೊಂಡು ಬಿಟ್ಟುಬಿಡಬೇಡಿ. ಅವರಿಗೆ ಬೇಕಾದ್ದು ನಿಧಾನದ ಉಸಿರಲ್ಲ, ಚಲನೆ. ಹೆಸರು ಹಿಡಿದು ಕರೆಯಿರಿ, ಎದುರಿಗೆ ಬನ್ನಿ, ಎಬ್ಬಿಸಿ ನಾಲ್ಕು ಹೆಜ್ಜೆ ಹಾಕಿಸಿ. ಕೇಳದೆ ಮುಟ್ಟಬೇಡಿ.

ತಣ್ಣೀರಿನ ವಿಷಯ. ಮುಖಕ್ಕೆ ತಣ್ಣನೆಯ ಒದ್ದೆ ಬಟ್ಟೆ ಇಟ್ಟರೆ ಎದೆಬಡಿತ ಇಳಿಯುವುದು ನಿಜ. ಆದರೆ ಹೃದಯದ ತೊಂದರೆ ಇದ್ದವರಿಗೆ ಬೇಡ. ನೀರಿನಲ್ಲೇ ಎಲ್ಲ ಕಳೆದುಕೊಂಡವರಿಗೆ ನೀರು ಎರಚಲೇಬೇಡಿ. ಅವರಿಗೆ ಒಂದು ಏಲಕ್ಕಿ ಜಗಿಯಲು ಕೊಡಿ, ಇಲ್ಲವೇ ನಾಲಿಗೆ ತುದಿಗೆ ಒಂದು ತೊಟ್ಟು ಕಾಚಂಪುಳಿ, ಅದೇ ನಮ್ಮ ಅಡುಗೆಯ ಹುಳಿರಸ. ಆ ಹುಳಿಗೆ ಯಾರಾದರೂ ಈ ಲೋಕಕ್ಕೆ ಬರಲೇಬೇಕು! ಕಾಫಿ ಪುಡಿ ಮೂಸಿದರೆ ಸಾಕು, ಕುಡಿಸಬೇಡಿ. ಕಾಫಿ ಎದೆಬಡಿತ ಏರಿಸುತ್ತದೆ. ಕೊಡಗಿನಲ್ಲಿ ನಿಂತು ಹೀಗೆ ಹೇಳಲು ನನಗೂ ಧೈರ್ಯ ಬೇಕು. “ಒಂದು ಪೆಗ್ ಹಾಕಿದರೆ ಸರಿಹೋಗುತ್ತೆ” ಅನ್ನುವುದಕ್ಕೂ ಇದೇ ಉತ್ತರ: ಆ ನಿದ್ದೆ ನಡುರಾತ್ರಿ ಒಡೆಯುತ್ತದೆ, ಕೆಟ್ಟ ಕನಸು ಇನ್ನೂ ಹೆಚ್ಚುತ್ತದೆ.

ಮನಸ್ಸನ್ನು ಈ ಕ್ಷಣಕ್ಕೆ ಎಳೆದು ತರುವ ಐದು-ನಾಲ್ಕು-ಮೂರು ಎಣಿಕೆ ಗೊತ್ತಲ್ಲ, ಕಾಣುವ ಐದು, ಮುಟ್ಟುವ ನಾಲ್ಕು, ಕೇಳುವ ಮೂರು. ಇಲ್ಲಿ ಕೇಳುವುದನ್ನು ಬಿಡಿ, ಕೇಳಿಸುತ್ತಿರುವುದೇ ಮಳೆ. ನೋಡುವುದು, ಮುಟ್ಟುವುದು ಸಾಕು. ಹೊಸ ಮನೆಯಲ್ಲಿ ಮಾತ್ರ ಇರುವ ವಸ್ತುಗಳನ್ನೇ ತೋರಿಸಿ: ಈ ಟೈಲ್ಸ್, ಈ ಬಾಗಿಲು, ಈ ವರ್ಷದ ಕ್ಯಾಲೆಂಡರ್. ಅದು 2018, ಇದು ಈಗ ಅನ್ನುವುದು ಕಣ್ಣಿಗೆ ಕಾಣಬೇಕು.

ಚೀಟಿ ಬಂತು, ಇನ್ನು ಹತ್ತೇ ನಿಮಿಷವಂತೆ. ಆದರೆ ಒಂದು ಮಾತು ಬಿಡುವಂತಿಲ್ಲ. ಇದೆಲ್ಲ ಮಾಡುವ ಮೊದಲು ಹೊರಗೆ ನೋಡಿ. ರೆಡ್ ಅಲರ್ಟ್ ಇದೆಯೇ, ಬರೆಯಲ್ಲಿ ಬಿರುಕು ಕಾಣುತ್ತಿದೆಯೇ, ತೋಡಿನ ನೀರು ಇದ್ದಕ್ಕಿದ್ದಂತೆ ಕೆಸರಾಗಿದೆಯೇ? ಹೌದಾದರೆ ಸಮಾಧಾನ ಮಾಡುತ್ತ ಕೂರಬೇಡಿ, ಮನೆ ಬಿಡಿಸಿ. ಆಕೆಯ ಭಯ ಸುಳ್ಳು ಅಂತ ನಾವೇ ತೀರ್ಮಾನಿಸಬಾರದು. ಹಾಗೆಯೇ ಎದೆನೋವು ಮೊದಲ ಸಲ ಬಂದದ್ದಾದರೆ, ತೋಳಿಗೋ ದವಡೆಗೋ ಹರಿದರೆ, 108ಕ್ಕೆ ಕರೆ ಮಾಡಿ.

ಉಳಿದದ್ದು ಬೇಗ ಬೇಗ ಹೇಳುತ್ತೇನೆ. ನಡುಕ ನಿಂತ ಮೇಲೆ ಸುಸ್ತು, ನಾಚಿಕೆ ಎರಡೂ ಬರುತ್ತವೆ. ಬಿಸಿ ಗಂಜಿ ಕೊಡಿ, ಮಲಗಲು ಬಿಡಿ. “ಅವತ್ತು ಏನಾಯ್ತು, ಪೂರ್ತಿ ಹೇಳು” ಅಂತ ಕೆದಕಬೇಡಿ. ತಾವಾಗಿ ಹೇಳಿದರೆ ಕೇಳಿ. ಮೈ ಮೊದಲು, ಮಾತು ಆಮೇಲೆ, ಅದೂ ಅವರಿಗೆ ಬೇಕೆನಿಸಿದಾಗ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದುಕೊಡುವುದು ಬೇಡ. ಇದೇ ಕಾಟ ತಿಂಗಳಿಗಿಂತ ಹೆಚ್ಚು ಎಳೆದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಬಳಿ ಕಳಿಸಿ, ಇದಕ್ಕೆಂದೇ ಚಿಕಿತ್ಸೆಗಳಿವೆ. ರಾತ್ರಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಕ್ಕಳ ಬಗ್ಗೆ ಹೇಳಬೇಕಿತ್ತು, ಮಧ್ಯಾಹ್ನ ಕೇಳಿ.

ಊಟಕ್ಕೆ ಹೋಗುವ ಮುಂಚೆ ಎಲ್ಲರೂ ಎದ್ದು ಒಮ್ಮೆ ಗೋಡೆ ಒತ್ತಿ ನೋಡಿ. ಬಾಗಿಲ ಪಕ್ಕದ ಗೋಡೆಗೆ ನಿನ್ನೆಯಷ್ಟೇ ಬಣ್ಣ ಬಳಿದಿದ್ದಾರಂತೆ, ಅದೊಂದು ಬಿಡಿ.