ಮಾರ್ಚ್‌ನಿಂದ ಜೂನ್‌ಗೆ: ಶಾಲೆಯ ಯೋಜನೆಯನ್ನು ಕೊನೆಯಿಂದ ಬರೆಯುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್ ಬಂತೆಂದರೆ ಶಾಲೆಗಳಲ್ಲಿ ವಾರ್ಷಿಕ ಕ್ರಿಯಾಯೋಜನೆ ತಯಾರಾಗುತ್ತದೆ. ಮೊದಲು ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ ಸೇತುಬಂಧ, ಆಮೇಲೆ ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಪರೀಕ್ಷೆ. ಮಾಡಬೇಕಾದ ಕೆಲಸಗಳೆಲ್ಲ ಅದರಲ್ಲಿರುತ್ತವೆ; ಮಾರ್ಚ್ ಹೊತ್ತಿಗೆ ಮಗುವಿಗೆ ಏನು ಬಂದಿರಬೇಕು ಎಂಬುದು ಮಾತ್ರ ಇರುವುದಿಲ್ಲ. ಮುಖ್ಯ ಶಿಕ್ಷಕರು ಅಲ್ಲಿಂದಲೇ ಬರೆಯಲು ಶುರುಮಾಡಬೇಕು. ಮೂರನೇ ತರಗತಿಯ ಕನ್ನಡ ಓದನ್ನೇ ತೆಗೆದುಕೊಳ್ಳೋಣ.

‘ಓದುವ ಸಾಮರ್ಥ್ಯ ಹೆಚ್ಚಿಸುವುದು’ ಎಂದು ಬರೆದರೆ ಅದು ಹಾರೈಕೆಯಾಯಿತು, ಗುರಿಯಾಗಲಿಲ್ಲ. ಚಿಕ್ಕ ಮಕ್ಕಳ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ಶುರುಮಾಡಿದ ನಿಪುಣ್ ಭಾರತ್ ಯೋಜನೆ, ಮೂರನೇ ತರಗತಿ ಮುಗಿಯುವಾಗ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥ ತಿಳಿದು ಓದಬೇಕು ಎನ್ನುತ್ತದೆ. ಆದರೆ ಕನ್ನಡದಲ್ಲಿ ‘ಮನೆಯಲ್ಲಿದ್ದವರಿಗೂ’ ಎನ್ನುವುದು ಒಂದೇ ಪದ! ಹಾಗಾಗಿ ಎಣಿಕೆಯೊಂದನ್ನೇ ನಂಬಬೇಡಿ. ಗುರಿ ಹೀಗಿರಲಿ: ಮಾರ್ಚ್ ಮೊದಲ ವಾರದಲ್ಲಿ ಪ್ರತಿ ಮಗುವೂ ತಾನು ಹಿಂದೆ ನೋಡಿರದ ಎಂಟು ಸಾಲಿನ ಕಥೆಯನ್ನು ಓದಿ, ಮೂರು ಪ್ರಶ್ನೆಗಳಲ್ಲಿ ಎರಡಕ್ಕಾದರೂ ತನ್ನ ಮಾತಿನಲ್ಲಿ ಉತ್ತರ ಹೇಳಬೇಕು. ಆ ಕಥೆ, ಆ ಪ್ರಶ್ನೆಗಳನ್ನು ಜೂನ್‌ನಲ್ಲೇ ಬರೆದು ಎತ್ತಿಡಿ. ಪಠ್ಯಪುಸ್ತಕದ ಪಾಠ ಬೇಡ. ಅದು ಬಾಯಿಪಾಠವಾಗಿ, ಮಗು ಪುಟ ನೋಡದೆಯೂ ಒಪ್ಪಿಸಿಬಿಡುತ್ತದೆ.

ಈಗ ಹಿಂದಕ್ಕೆ ಬನ್ನಿ. ಮಾರ್ಚ್‌ನಲ್ಲಿ ಕಥೆ ಓದಬೇಕಾದರೆ ಡಿಸೆಂಬರ್ ಕೊನೆಗೆ ಒತ್ತಕ್ಷರ ಗಟ್ಟಿಯಾಗಿರಬೇಕು. ಅದಾಗಬೇಕಾದರೆ ದಸರಾ ರಜೆಗೆ ಮೊದಲು ಕಾಗುಣಿತ ಸರಾಗವಾಗಬೇಕು. ಅದಕ್ಕೂ ಮೊದಲು, ಜುಲೈ ಮುಗಿಯುವಷ್ಟರಲ್ಲಿ, ಯಾವ ಮಗುವಿಗೆ ಯಾವ ಅಕ್ಷರ ಬಾರದು ಎಂಬುದು ಹೆಸರು ಸಮೇತ ಗೊತ್ತಿರಬೇಕು. ಹೆಚ್ಚು ಮಕ್ಕಳು ಎಡವುವುದು ಒತ್ತಕ್ಷರದಲ್ಲಿ. ‘ಹಳ್ಳಿ’ಯನ್ನು ‘ಹಳಿ’ ಎಂದು, ‘ಅಕ್ಕ’ವನ್ನು ‘ಅಕ’ ಎಂದು ಓದುವ ಮಗುವಿನ ಕಣ್ಣು ಅಕ್ಷರದ ಕೆಳಕ್ಕೆ ಇಳಿದಿರುವುದಿಲ್ಲ. ಅಂಥ ಮಗುವಿಗೆ ಇಡೀ ಪಾಠ ಮತ್ತೆ ಹೇಳಿ ಪ್ರಯೋಜನವಿಲ್ಲ. ಹಳಿ–ಹಳ್ಳಿ, ಕತೆ–ಕತ್ತೆ, ಇಂಥ ಜೋಡಿಪದಗಳನ್ನು ದಿನಕ್ಕೆ ಹತ್ತು ನಿಮಿಷ ಓದಿಸಬೇಕು.

ಇನ್ನು ಸಮಯದ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಬೋಧನೆ ನಡೆಯಬೇಕು. ಕಾರ್ಯಕ್ರಮ, ತರಬೇತಿ, ಪರೀಕ್ಷೆಯ ದಿನಗಳನ್ನು ಮೊದಲೇ ಕಳೆದು, ಉಳಿದದ್ದರ ಮೇಲೆ ಯೋಜನೆ ಹಾಕಿ. ಜನವರಿ, ಫೆಬ್ರವರಿಗೆ ಹೊಸದೇನನ್ನೂ ಇಡಬೇಡಿ. ಹಿಂದೆ ಬಿದ್ದ ಮಕ್ಕಳಿಗೆ ಆ ವಾರಗಳು ಬೇಕು. ಒಂದೊಂದು ಮಗುವಿನ ಓದು ಕೇಳಲು ಮೂರು ನಿಮಿಷ ಸಾಕು. ತರಗತಿಯಲ್ಲಿ 24 ಮಕ್ಕಳಿದ್ದರೆ ದಿನಕ್ಕೆ ಎಂಟರಂತೆ ಮೂರೇ ದಿನದಲ್ಲಿ ಮುಗಿಯುತ್ತದೆ. ತಿಂಗಳಿಗೊಮ್ಮೆ ಇದಾಗಲಿ, ಅದರಲ್ಲಿ ಕೆಲವರ ಓದನ್ನು ಮುಖ್ಯ ಶಿಕ್ಷಕರೇ ಕೂತು ಕೇಳಲಿ. ಅಂಕಪಟ್ಟಿ ನೋಡಿದರೆ ‘ಹಳಿ’ ಕೇಳಿಸುವುದಿಲ್ಲ.

ದಸರಾಕ್ಕೆ ಮುಂಚಿನ ತಪಾಸಣೆಯಲ್ಲಿ ಅರ್ಧದಷ್ಟು ಮಕ್ಕಳು ಕಾಗುಣಿತ ದಾಟಿಲ್ಲ ಎನ್ನಿ. ಆಗ ಸಾಮಾನ್ಯವಾಗಿ ಗುರಿಯನ್ನೇ ತಗ್ಗಿಸುತ್ತಾರೆ, ಇಲ್ಲವೇ ಶಿಕ್ಷಕಿಯನ್ನು ದೂರುತ್ತಾರೆ. ಎರಡೂ ಬೇಡ. ವೇಳಾಪಟ್ಟಿ ತೆಗೆದು ನೋಡಿ: ಓದಿನ ಅವಧಿ ಬಿಸಿಯೂಟದ ಆಚೀಚೆ ಬಿದ್ದು ದಿನವೂ ಹದಿನೈದು ನಿಮಿಷ ಕರಗುತ್ತಿದೆಯೇ? ಹಾಗಿದ್ದರೆ ಮಾರನೇ ದಿನದಿಂದಲೇ ಅದನ್ನು ಬೆಳಗಿನ ಮೊದಲ ಅವಧಿಗೆ ತನ್ನಿ.

ನಮಸ್ಕಾರ.